ಬುಗ್ಗವಾಗಿನ ಆಚೆ ನಿಂತ ಜೀಪು

ಜೀಪನ್ನು ಕಡಿದು ಚೂರು ಮಾಡಿ ತರುವುದಲ್ಲ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತರುವುದೂ ಅಲ್ಲ. ಅದರ ಸ್ವಂತ ಎಂಜಿನ್ನಿನ ಮೇಲೆ ಓಡಿಸಿಕೊಂಡೇ ಕಾಡಿನಿಂದ ಹೊರಗೆ ತರಬೇಕು ಎಂದು ಅಮರೇಶಪ್ಪ ಹಟ ಹಿಡಿದಿದ್ದ. ಅದಕ್ಕೆ ಸಿಕ್ಕಿದ್ದು ಒಂದೇ ಒಂದು ದಿನ. ಅರಣ್ಯ ಇಲಾಖೆಯ ಚೀಟಿಯಲ್ಲಿ ಜೂನ್ ಎಂಟು, ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಎಂದು ಬರೆದಿತ್ತು. ಆಮೇಲೆ ಮಳೆ ಹಿಡಿಯುತ್ತದೆ. ಬುಗ್ಗವಾಗು ಎಂಬ ಹಳ್ಳ ತುಂಬಿಕೊಂಡರೆ ದೀಪಾವಳಿಯವರೆಗೆ ಯಾವ ಗಾಡಿಯೂ ಅದನ್ನು ದಾಟುವಂತಿಲ್ಲ. ಅಷ್ಟೊತ್ತಿಗೆ ಆಚೆ ದಡದ ಜೀಪಿನಲ್ಲಿ ಉಳಿಯುವುದು ತುಕ್ಕು ಮಾತ್ರ.

ಜೀಪು ಮಗ ವೈಭವನದು. ವೈಭವ ಈಗ ಇಲ್ಲ.

ಕೂಕಟ್‌ಪಲ್ಲಿಯ ಮೆಟ್ರೊ ಕಂಬಗಳ ಹಿಂದಿನ ಗಲ್ಲಿಯಲ್ಲಿ ಅಮರೇಶಪ್ಪನ ರಿಪೇರಿ ಅಂಗಡಿ. ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ಮೂವತ್ತೈದು ವರ್ಷವಾಗಿದೆ. ಡೀಸೆಲ್ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮನುಷ್ಯ; ಹೇಳುವ ಮೊದಲು ಗಾಡಿಯ ಮಾಲೀಕನನ್ನು ನಾಲ್ಕು ಮಾತು ಬೈಯುವ ಮನುಷ್ಯ ಕೂಡ. ಅವನ ಕೈಕೆಳಗೆ ಕೆಲಸ ಕಲಿಯುವವರಿಗೆ ಅವನು ಯಾವತ್ತೂ ಉತ್ತರ ಹೇಳಿಕೊಟ್ಟವನಲ್ಲ. "ನೀನ ಹುಡುಕು. ಹುಡುಕಿ ನನಗ ಹೇಳು. ಹೇಳದ ಗಾಡಿ ಬಿಡಬ್ಯಾಡ," ಎನ್ನುವುದು ಅಂಗಡಿಯ ಕಾನೂನು. ತಪ್ಪು ಎಲ್ಲಿತ್ತು, ಏನು ಮಾಡಿದೆ ಎಂದು ಅವನಿಗೆ ಬಾಯಿಬಿಟ್ಟು ಒಪ್ಪಿಸಿದ ಮೇಲೆಯೇ ಗಾಡಿ ಗಲ್ಲಿ ದಾಟಬೇಕು. ವೈಭವ ಹನ್ನೆರಡನೇ ವಯಸ್ಸಿನಿಂದ ಈ ಕಾನೂನಿನಲ್ಲೇ ಬೆಳೆದ. ಸ್ವಂತ ಮಗನಿಗೂ ರಿಯಾಯಿತಿ ಇರಲಿಲ್ಲ, ಶಾಬಾಸ್ ಎಂಬ ಮಾತಂತೂ ಇರಲೇ ಇಲ್ಲ.

ಇಪ್ಪತ್ತಾರಕ್ಕೆ ವೈಭವ ತನ್ನದೇ ಕೆಲಸ ಹಿಡಿದ. ಬೇಸಿಗೆಯಲ್ಲಿ ಕಾಡುಪ್ರಾಣಿಗಳ ತೊಟ್ಟಿಗೆ ನೀರು ತುಂಬುವ ಸೋಲಾರ್ ಪಂಪುಗಳನ್ನು ರಿಪೇರಿ ಮಾಡುವುದು. ಏಪ್ರಿಲ್ ಹದಿನೆಂಟರ ಮಧ್ಯಾಹ್ನ ನಲ್ಲಮಲ ಕಾಡಿನಲ್ಲಿ ಅವನ ಜೀಪು ಕೈಕೊಟ್ಟಿತು. ಮರುದಿನ ಅವನು ಒಂದು ಬಂಡೆಯ ಬುಡದಲ್ಲಿ ಸತ್ತು ಬಿದ್ದಿದ್ದ. ಗಾಡಿ ಕೆಟ್ಟು ಸಹಾಯ ಕೇಳಲು ಸಿಗ್ನಲ್ ಹುಡುಕುತ್ತ ಬಂಡೆ ಹತ್ತಿ ಜಾರಿದ್ದಾನೆ ಎಂದು ಪೊಲೀಸರು ಬರೆದುಕೊಂಡರು.

ಅಮರೇಶಪ್ಪನಿಗೆ ಇನ್ನೂ ಒಂದು ವಿಷಯ ಗೊತ್ತಿತ್ತು. ಅವತ್ತು ಮೂರು ಗಂಟೆಗೆ ಅದೇ ಬಂಡೆಯ ಮೇಲಿಂದ ಮಗ ಅವನಿಗೆ ಫೋನ್ ಮಾಡಿದ್ದ. "ಅಪ್ಪಾ, ಗಾಡಿ ಸ್ಟಾರ್ಟ್ ಆಗತೈತಿ, ಒಂದ ನಿಮಿಷಕ್ಕ ಬಂದ್ ಬೀಳತೈತಿ." ಡೀಸೆಲ್ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಅಮರೇಶಪ್ಪನಿಗೆ ಆ ಕ್ಷಣಕ್ಕೇ ತಿಳಿಯಿತು. ಹೇಳಲು ನಾಲ್ಕು ಮಾತು ಸಾಕಿತ್ತು. ಆದರೆ ಅವನು ಅಂದದ್ದು, "ನನಗ ಗೊತ್ತಾತು. ನಿನಗೂ ಗೊತ್ತಾಗಲಿ. ಹುಡುಕಿ ನನಗ ಹೇಳು, ಹೇಳದ ಗಾಡಿ ಬಿಡಬ್ಯಾಡ." ಲೈನ್ ಕಟ್ ಆಯಿತು ಎಂದು ಪೊಲೀಸರಿಗೂ ಹೆಂಡತಿಗೂ ಹೇಳಿದ. ಲೈನ್ ಕಟ್ ಆಗಿರಲಿಲ್ಲ. ಫೋನನ್ನು ಅವನೇ ಇಟ್ಟಿದ್ದ.

ಮಣ್ಣು ಮಾಡಿ ಬಂದ ದಿನದಿಂದ ಒಂದೇ ಪ್ರಶ್ನೆ ಅವನನ್ನು ಕೊರೆಯುತ್ತಿತ್ತು. ತಾನು ಹೇಳಿಕೊಟ್ಟಿದ್ದರೆ ಮಗ ಉಳಿಯುತ್ತಿದ್ದನೇ? ಅವನಿಗೆ ಬೇಕಾಗಿದ್ದ ಉತ್ತರ ಅದೊಂದೇ. ಆ ಉತ್ತರ ಜೀಪಿನ ಬಾನೆಟ್ಟಿನ ಕೆಳಗಿದೆ ಎಂದು ಅವನಿಗೆ ಬಲವಾಗಿ ಅನಿಸಿತ್ತು.

ಹೊರಟವರು ಮೂವರು. ಅಮರೇಶಪ್ಪ, ಅವನ ಹೆಂಡತಿ ಗುರುಬಾಯಿ, ಗುರುಬಾಯಿಯ ಅಣ್ಣನ ಮಗ ಕಲ್ಲೇಶ. ಕಲ್ಲೇಶ ಮಿಯಾಪುರದಲ್ಲಿ ಸಾಮಾನು ಸಾಗಿಸುವ ಸಣ್ಣ ವ್ಯಾನು ಇಟ್ಟುಕೊಂಡವನು, ಗಟ್ಟಿ ಆಳು. ಗುರುಬಾಯಿಯನ್ನು ಕರೆದುಕೊಂಡು ಹೋಗುವ ವಿಚಾರ ಯಾರಿಗೂ ಇರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಅವಳು ಸೀರೆಯನ್ನು ಎತ್ತಿ ಸಿಗಿಸಿ, ಬೂಟು ಹಾಕಿಕೊಂಡು, ಚೀಲ ಹಿಡಿದು ವ್ಯಾನಿನ ಹತ್ತಿರ ನಿಂತಿದ್ದಳು.

"ಅತ್ತಿ, ಏಳು ಕಿಲೋಮೀಟರ್ ನಡೀಬೇಕಾಗತೈತಿ," ಎಂದ ಕಲ್ಲೇಶ.

"ನೀವು ಗಾಡಿ ತರಾಕ ಹೊಂಟೀರಿ. ನಾ ನನ್ನ ಮಗ ಬಿದ್ದ ಜಾಗಾ ನೋಡಾಕ ಬರ್ತೀನಿ. ದಾರಿ ಎಷ್ಟರ ಇರಲಿ," ಎಂದು ಅವಳು ಹತ್ತಿ ಕುಳಿತಳು. ಕಲ್ಲೇಶ ಅವಳ ಚೀಲ ಒಳಗಿಟ್ಟು ವ್ಯಾನು ಶುರು ಮಾಡಿದ.

ಶ್ರೀಶೈಲದ ರಸ್ತೆ ಹಿಡಿದು ಏಳೂವರೆಗೆ ಕಾಡಿನ ಗೇಟು ದಾಟಿದರು. ಡಾಂಬರು ಮುಗಿದಲ್ಲಿ ಚೆಂಚು ಬುಡಕಟ್ಟಿನವರ, ಹತ್ತು ಗುಡಿಸಲುಗಳ ಒಂದು ಹಾಡಿ. ವೈಭವನನ್ನು ಮೊದಲು ಕಂಡವನು ಅಲ್ಲಿಯ ಲಿಂಗಯ್ಯ. ದಾರಿ ತೋರಿಸಲು ಅವನೇ ಬಂದ. ಕಡ್ಡಿಯಂಥ ಆಳು, ಮಾತು ಕಡಿಮೆ, ತೆಲುಗು ಬಿಟ್ಟರೆ ಬೇರೆ ಬಾರದು. ವ್ಯಾನು ಅಲ್ಲೇ ನಿಂತಿತು. ಚಾರ್ಜು ಮಾಡಿ ತಂದಿದ್ದ ಬ್ಯಾಟರಿಯನ್ನು ಬಿದಿರಿನ ಗಳಕ್ಕೆ ಕಟ್ಟಿ ಲಿಂಗಯ್ಯ ಮುಂದೆ, ಕಲ್ಲೇಶ ಹಿಂದೆ ಹೊತ್ತರು. ಅಮರೇಶಪ್ಪನ ಹೆಗಲಿಗೆ ನಟ್ಟು ಬಿಗಿಯುವ ಪಾನಾಗಳ ಚೀಲ, ಕಾಲಿನಿಂದ ಒತ್ತುವ ಗಾಳಿಪಂಪು. ಗುರುಬಾಯಿಯ ತಲೆಯ ಮೇಲೆ ಹತ್ತು ಲೀಟರ್ ನೀರಿನ ಕ್ಯಾನು.

ಜೂನಿನ ಮೊದಲ ವಾರದ ನಲ್ಲಮಲ ಅರ್ಧ ಸತ್ತು ಅರ್ಧ ಚಿಗುರಿದ ಕಾಡು. ತೇಗದ ಮರಗಳು ಇನ್ನೂ ಬೋಳಾಗಿಯೇ ನಿಂತಿದ್ದವು. ಬಿದಿರಿನ ಮೆಳೆಗಳು ಒಣಗಿ, ಗಾಳಿ ಬೀಸಿದಾಗ ಕಿರುಗುಟ್ಟುತ್ತಿದ್ದವು. ಆದರೆ ಒಂದೆರಡು ಮುಂಗಾರಿನ ಹನಿ ಬಿದ್ದ ಕಡೆ ನೆಲದಿಂದ ಬೆರಳುದ್ದ ಹಸಿರು ಹುಲ್ಲು ಎದ್ದಿತ್ತು. ಬೀಡಿ ಎಲೆಯ ಗಿಡಗಳು ತಾಮ್ರದ ಬಣ್ಣದ ಚಿಗುರು ಬಿಟ್ಟಿದ್ದವು. ಹಳೆಯ ಗಾಡಿದಾರಿ ಗುಡ್ಡದ ಸೊಂಟ ಬಳಸಿ ಇಳಿಯುತ್ತಿತ್ತು. ಒಂದು ಕಡೆ ಕರಿ ಬಂಡೆ, ಇನ್ನೊಂದು ಕಡೆ ಕಣಿವೆ, ಕಣಿವೆಯ ತಳದಲ್ಲಿ ಎಲ್ಲೋ ನವಿಲಿನ ಕೂಗು. ಇಷ್ಟು ಚೆಂದದ ಜಾಗದಲ್ಲಿ ಮಗನನ್ನು ಕಳೆದುಕೊಂಡೆನಲ್ಲ ಎಂದುಕೊಂಡಳು ಗುರುಬಾಯಿ. ಆ ಚೆಂದದ ಮೇಲೆಯೇ ಅವಳಿಗೆ ಸಿಟ್ಟು ಬಂತು.

ನಾಲ್ಕು ಕಿಲೋಮೀಟರ್ ಆದ ಮೇಲೆ ಲಿಂಗಯ್ಯ ತಟ್ಟನೆ ನಿಂತ. ಗಳ ಜೋಲಿ ಹೊಡೆಯಿತು.

ಇಪ್ಪತ್ತು ಹೆಜ್ಜೆ ಮುಂದೆ, ಹುತ್ತವೊಂದರ ಬಳಿ, ಕರಡಿ.

ಅದು ಮೂತಿ ಎತ್ತಿತು. ಹಿಂಗಾಲ ಮೇಲೆ ಅರ್ಧ ಎದ್ದಿತು. ಭುಜದ ಮೇಲೆ ಹದಿನೆಂಟು ಕಿಲೋ ಬ್ಯಾಟರಿ ಹೊತ್ತವರು ಓಡುವುದೆಲ್ಲಿಗೆ?

"ಚಪ್ಪುಡು, ಚಪ್ಪುಡು!" ಎಂದ ಲಿಂಗಯ್ಯ. ಸದ್ದು ಮಾಡಿ ಎಂದು.

ಅಮರೇಶಪ್ಪ ಚೀಲದಿಂದ ಎರಡು ದೊಡ್ಡ ಪಾನಾ ಎಳೆದು ಒಂದಕ್ಕೊಂದು ಬಡಿದ. ಠಣ್! ಠಣ್! ಠಣ್! ಕಬ್ಬಿಣದ ಸದ್ದು ಕಣಿವೆಗೆ ಬಡಿದು ವಾಪಸು ಬಂತು. ಕರಡಿ ಒಮ್ಮೆ ಸೀನಿ, ತಿರುಗಿ, ಬಿದಿರಿನೊಳಗೆ ನುಗ್ಗಿತು.

"ನಡೀರಿ, ಹೊತ್ತು ಹೋಗಾಕತ್ತೈತಿ," ಎಂದಳು ಗುರುಬಾಯಿ. ಕ್ಯಾನಿನಿಂದ ಒಂದು ಹನಿ ನೀರೂ ಚೆಲ್ಲಿರಲಿಲ್ಲ.

ಹನ್ನೊಂದಕ್ಕೆ ಬುಗ್ಗವಾಗು ಸಿಕ್ಕಿತು. ಮೂವತ್ತು ಅಡಿ ಅಗಲದ ಹಳ್ಳ, ತಳದಲ್ಲಿ ಗುಂಡುಕಲ್ಲು, ನಡುವೆ ಪಾದ ನೆನೆಯುವಷ್ಟು ನೀರು. ಆಚೆ ದಡದಲ್ಲಿ ಸೋಲಾರ್ ಪಂಪಿನ ಫಲಕಗಳು. ಅವುಗಳ ಪಕ್ಕದಲ್ಲಿ ಜೀಪು, ಮೈತುಂಬ ಎಲೆ ಹೊದ್ದುಕೊಂಡು, ಒಂದು ಹಿಂಗಾಲಿಯ ಮೇಲೆ ಕುಸಿದು ನಿಂತಿತ್ತು. ಜೀಪಿನ ಹಿಂದೆಯೇ ಆ ಬಂಡೆ, ಎರಡಾಳು ಎತ್ತರದ್ದು.

ಗುರುಬಾಯಿ ಜೀಪಿನ ಕಡೆ ತಿರುಗಿಯೂ ನೋಡದೆ ಬಂಡೆಯ ಬುಡಕ್ಕೆ ಹೋಗಿ ಕುಳಿತಳು. ಅಲ್ಲಿನ ಕಲ್ಲುಗಳನ್ನು ಒಂದೊಂದಾಗಿ ಕೈಯಿಂದ ಸವರಿದಳು. ಅಳುವ ಸದ್ದು ಬಹಳ ಹೊತ್ತು ಕೇಳಿಸಿತು. ಯಾರೂ ಹತ್ತಿರ ಹೋಗಲಿಲ್ಲ.

ಕಲ್ಲೇಶ ಪಾನಾ ಹಿಡಿದು ಬಾನೆಟ್ಟಿಗೆ ಕೈ ಹಾಕಿದ. ಅಮರೇಶಪ್ಪ ತಡೆದ. "ಮೊದಲ ಕಣ್ಣಿಂದ ನೋಡು. ಆಮ್ಯಾಲೆ ಕೈಯಿಂದ ಮುಟ್ಟಿ ನೋಡು. ಪಾನಾ ಕಡೀಕ." ಇಷ್ಟು ದುಃಖದಲ್ಲೂ ಮೇಷ್ಟರ ಚಾಳಿ ಬಿಟ್ಟಿರಲಿಲ್ಲ.

ನೋಡಿದರು. ಹಿಂದಿನ ಎಡಗಾಲಿಯಲ್ಲಿ ಗಾಳಿ ಇಲ್ಲ. ಬ್ಯಾಟರಿ ಸತ್ತಿದೆ. ಸ್ಟಾರ್ಟರಿನ ವೈರನ್ನು ಇಲಿ ಕಡಿದಿದೆ. ರೇಡಿಯೇಟರಿನ ಕೆಳಗೆ ನೀರು ಜಿನುಗಿದ ಬಿಳಿ ಕಲೆ. ಟ್ಯಾಂಕಿನಲ್ಲಿ ಡೀಸೆಲ್ ಅರ್ಧದಷ್ಟಿದೆ.

ಆಮೇಲೆ ಡೀಸೆಲ್ ಪೈಪು. ಫಿಲ್ಟರಿಗೆ ಸೇರುವ ಜಾಗದಲ್ಲಿ ಅಮರೇಶಪ್ಪನ ಬೆರಳು ನಿಂತುಬಿಟ್ಟಿತು. ರಬ್ಬರ್ ಪೈಪಿನ ತುದಿಯನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಹೊಸ ತುದಿಯನ್ನು ಒಳಗೆ ತಳ್ಳಿ, ಕ್ಲಿಪ್ ಬಿಗಿದಿತ್ತು. ಕ್ಲಿಪ್ಪಿನ ತಲೆ ಕೈಗೆ ಸಿಗುವ ಕಡೆ ತಿರುಗಿತ್ತು, ಅವನು ಹೇಳಿಕೊಟ್ಟಿದ್ದ ಹಾಗೇ. ಡ್ಯಾಶ್‌ಬೋರ್ಡಿನ ಮೇಲೆ ಚಿಂದಿಯಲ್ಲಿ ಸುತ್ತಿಟ್ಟ ಅರ್ಧ ಬೆರಳಿನಷ್ಟು ಪೈಪಿನ ತುಂಡು. ಬಿಚ್ಚಿ ಬಾಗಿಸಿದರೆ ಕೂದಲಿನಷ್ಟು ಸಣ್ಣ ಸೀಳು ಬಾಯಿ ತೆರೆಯಿತು.

"ಮಾವ, ಇದು... ಅವ ಹುಡುಕಿದ್ದ," ಎಂದ ಕಲ್ಲೇಶ.

ಆಗ ಲಿಂಗಯ್ಯ ಬಾಯಿ ಬಿಟ್ಟ. ಅವತ್ತು ಸಂಜೆ ಅವನು ಜೇನು ನೋಡಲು ಮೇಲಿನ ಗುಡ್ಡದಲ್ಲಿದ್ದ. ಐದರ ಸುಮಾರಿಗೆ ಜೀಪಿನ ಎಂಜಿನ್ ಶುರುವಾದದ್ದು ಕೇಳಿಸಿತು. ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಸರಿಯಾಗಿ ಓಡಿತು, ಒಮ್ಮೆಯೂ ತಡವರಿಸಲಿಲ್ಲ. ಆಮೇಲೆ ಆ ಹುಡುಗ ಎಂಜಿನ್ ನಿಲ್ಲಿಸಿ, ಕೈಯಲ್ಲಿ ಫೋನ್ ಹಿಡಿದು ಬಂಡೆಯ ಕಡೆ ಓಡಿದ. ಕುಣಿಯುತ್ತ ಓಡಿದ ಹಾಗಿತ್ತು. ಗಾಡಿ ಸರಿಹೋಯಿತು, ಇನ್ನು ಹೊರಡುತ್ತಾನೆ ಎಂದುಕೊಂಡು ಲಿಂಗಯ್ಯ ಆಚೆ ಇಳಿದುಹೋದ.

"ಪೊಲೀಸರಿಗೆ ಯಾಕ ಹೇಳಲಿಲ್ಲಪ್ಪ?" ಎಂದು ಕಲ್ಲೇಶ ತೆಲುಗಿನಲ್ಲಿ ಕೇಳಿದ.

ಯಾರೂ ಕೇಳಲಿಲ್ಲ ಎಂದ ಲಿಂಗಯ್ಯ.

ಗುರುಬಾಯಿ ಯಾವಾಗಲೋ ಎದ್ದು ಬಂದು ಹಿಂದೆ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. "ಗಾಡಿ ಚಾಲೂ ಆಗಿತ್ತಲ್ಲ," ಎಂದಳು. "ಚಾಲೂ ಆದ ಮ್ಯಾಲೆ ಮನಿಗೆ ಬರೋದು ಬಿಟ್ಟು ಬಂಡೆ ಯಾಕ ಏರಿದ?"

ಅಮರೇಶಪ್ಪ ಪೈಪಿನ ತುಂಡನ್ನು ಮತ್ತೆ ಚಿಂದಿಯಲ್ಲಿ ಸುತ್ತಿದ. ಜೀಪಿನ ಬಂಪರಿನ ಮೇಲೆ ಕುಳಿತ. ಐವತ್ತು ದಿನ ನುಂಗಿಕೊಂಡಿದ್ದನ್ನು ಇನ್ನು ನುಂಗಲಾಗಲಿಲ್ಲ.

"ನನಗ ಹೇಳಾಕ," ಎಂದ. "ಹುಡುಕಿ ಹೇಳು, ಹೇಳದ ಗಾಡಿ ಬಿಡಬ್ಯಾಡ ಅಂದಿದ್ದೆ. ಲೈನ್ ಕಟ್ ಆಗಿರಲಿಲ್ಲ ಗುರುಬಾಯಿ. ನಾನ ಇಟ್ಟೆ. ಏನಾಗೈತಿ ಅಂತ ನನಗ ಅವಾಗನ ಗೊತ್ತಿತ್ತು."

ಸುಮ್ಮನೆ ಜೀಪು ಹತ್ತಿ ಹೊರಟಿದ್ದರೆ ವೈಭವ ಒಂಬತ್ತು ಗಂಟೆಗೆ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದ. ಅವನನ್ನು ಕೊಂದದ್ದು ಕೆಟ್ಟ ಗಾಡಿಯಲ್ಲ, ಕಲಿಯದ ಕೆಲಸವೂ ಅಲ್ಲ. ಅಪ್ಪನ ಮಾತು ಮೀರಬಾರದೆಂಬ ವಿಧೇಯತೆ. ಜೊತೆಗೆ ಅಪ್ಪ ಈ ಸಲವಾದರೂ ಒಂದು ಒಳ್ಳೆಯ ಮಾತು ಆಡಿಯಾನೆಂಬ ಆಸೆ. ಅಮರೇಶಪ್ಪ ಹುಡುಕಿಕೊಂಡು ಬಂದ ಉತ್ತರ ಸಿಕ್ಕಿತ್ತು. ಇಂಥ ಉತ್ತರ ಯಾವ ತಂದೆಗೂ ಸಿಗಬಾರದು.

ಗುರುಬಾಯಿ ಕೂಗಾಡಲಿಲ್ಲ. "ಇಪ್ಪತ್ತಾರ ವರ್ಷ," ಎಂದಳು. "ಒಂದ ಸಲ ಶಾಬಾಸ್ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತರಿ? ಒಂದ ಸಲ?"  ಅವಳು ದೂರ ಹೋಗಿ ಬೆನ್ನು ತಿರುಗಿಸಿ ನಿಂತಳು.

ಮೇಲೆ, ಗುಡ್ಡದ ಆಚೆ, ಗುಡುಗಿತು. ಲಿಂಗಯ್ಯ ಆಕಾಶ ನೋಡಿದ. ಮೇಲೆ ಮಳೆ ಬಿದ್ದರೆ ಎರಡು ಗಂಟೆಯಲ್ಲಿ ವಾಗು ಏರುತ್ತದೆ ಎಂದ.

"ಮಾವ, ಏಳ್ರಿ," ಎಂದ ಕಲ್ಲೇಶ. "ಅಳೋದು ಮನ್ಯಾಗ ಅಳೋಣು. ಗಾಡಿ ಇಲ್ಲೇ ಬಿಟ್ಟು ಹೋದ್ರ ಅವ ಮಾಡಿದ ಕೆಲಸಾನೂ ಮಣ್ಣಾಗತೈತಿ."

ಅಮರೇಶಪ್ಪ ಎದ್ದ.

ಗಾಲಿಯ ನಟ್ಟುಗಳನ್ನು ಜಾಕಿ ಏರಿಸುವ ಮೊದಲೇ ಸಡಿಲಿಸಿದರು. ಗಾಲಿ ನೆಲ ಬಿಟ್ಟ ಮೇಲೆ ನಟ್ಟು ತಿರುಗಿಸಲು ಹೋದರೆ ಗಾಲಿಯೇ ತಿರುಗುತ್ತದೆ. ಜಾಕಿ ಮರಳಿನಲ್ಲಿ ಹೂಳದಂತೆ ಕೆಳಗೆ ಚಪ್ಪಟೆ ಕಲ್ಲು ಇಟ್ಟರು. ಸ್ಟೆಪ್ನಿ ಹಾಕಿ, ಕಲ್ಲೇಶ ಬೆವರು ಸುರಿಸಿ ಗಾಳಿ ಒತ್ತಿದ. ಕಡಿದ ವೈರಿನ ಎರಡು ತುದಿ ಕೆರೆದು, ಹೆಣೆದು, ಟೇಪು ಸುತ್ತಿದರು. ಬ್ಯಾಟರಿಯ ಪಟ್ಟಿಗಳ ಮೇಲಿನ ಬಿಳಿ ಹಿಟ್ಟನ್ನು ನೀರು ಹಾಕಿ ತಿಕ್ಕಿ, ವ್ಯಾಸಲಿನ್ ಸವರಿ, ಹೊತ್ತು ತಂದ ಬ್ಯಾಟರಿಗೆ ಬಿಗಿದರು.

ರೇಡಿಯೇಟರಿಗೆ ನೀರು ಹಾಕಿದರೆ ಕೆಳಗೆ ಹನಿಹನಿಯಾಗಿ ಸೋರಿತು. ಗುರುಬಾಯಿ ಬಂದಳು. ಗಂಡನ ಮುಖ ನೋಡದೆ ಚೀಲದಿಂದ ಅರಿಷಿಣದ ಪೊಟ್ಟಣ ತೆಗೆದು ಕಲ್ಲೇಶನ ಕೈಗೆ ಕೊಟ್ಟಳು. "ಎರಡ ಮುಷ್ಟಿ ಹಾಕು. ಸಣ್ಣ ತೂತಾದ್ರ ಮುಚ್ಚತೈತಿ. ಮನಿ ಮುಟ್ಟೋತನ ತಡೀತೈತಿ, ಆಮ್ಯಾಲೆ ತೊಳೀಬೇಕು." ಮೂವತ್ತು ವರ್ಷ ಅಂಗಡಿಯ ಮಾತನ್ನು ಅಡಿಗೆಮನೆಯಿಂದಲೇ ಕೇಳಿಸಿಕೊಂಡ ಹೆಂಗಸು.

ಕೊನೆಗೆ ಡೀಸೆಲ್. ಐವತ್ತು ದಿನ ನಿಂತ ಗಾಡಿಯ ಫಿಲ್ಟರಿನ ತಳದಲ್ಲಿ ನೀರು ಕೂತಿರುತ್ತದೆ, ಅದನ್ನು ಇಳಿಸಲೇಬೇಕು. ಇಳಿಸಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕು. ಅಮರೇಶಪ್ಪ ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ಗುಳ್ಳೆ ಗುಳ್ಳೆಯಾಗಿ ಬಂತು. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ತಿರುಗಿಸಿದ. ಅವನ ಕಣ್ಣು ಮಗನ ಕ್ಲಿಪ್ಪಿನ ಮೇಲೆಯೇ ಇತ್ತು.

ಕಲ್ಲೇಶ ವೈಭವನ ಕ್ಲಿಪ್ಪಿಗೆ ಪಾನಾ ಹಚ್ಚಿದ. "ಇದನ್ನೂ ಒಂದ ಸುತ್ತ ಬಿಗಿ ಮಾಡ್ಲೇನು?"

ವೈಭವ ಬಿಗಿದ ಒಂದೊಂದು ನಟ್ಟನ್ನೂ ಅಮರೇಶಪ್ಪ ಹದಿನಾಲ್ಕು ವರ್ಷ ತನ್ನ ಪಾನಾದಿಂದ ಮತ್ತೆ ನೋಡಿದ್ದ. ಇವತ್ತು ಬೆರಳಿನಿಂದ ಮಾತ್ರ ಮುಟ್ಟಿ ನೋಡಿದ. "ಬ್ಯಾಡ. ಬರೋಬ್ಬರಿ ಐತಿ."

ನಾಲ್ಕು ಗಂಟೆಗೆ ಚಾವಿ ತಿರುಗಿಸಿದರು. ಎಂಜಿನ್ ಕೆಮ್ಮಿತು, ಕರಿ ಹೊಗೆ ಕಾರಿತು, ಹಿಡಿದುಕೊಂಡಿತು. ಗುರುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ಜೀಪು ಹತ್ತಲಿಲ್ಲ. ನಡೆದೇ ಬರುತ್ತೇನೆ ಎಂದಳು.

ಅಷ್ಟರಲ್ಲಿ ವಾಗು ಕೆಂಪಾಗಿತ್ತು. ಪಾದ ನೆನೆಯುತ್ತಿದ್ದ ಜಾಗದಲ್ಲಿ ಮೊಣಕಾಲುದ್ದ ನೀರು.

"ಬಲಕ್ಕ, ಬಲಕ್ಕ!" ಕಲ್ಲೇಶ ನೀರಿನಲ್ಲಿ ಮುಂದೆ ನಡೆಯುತ್ತ ಕೂಗಿದ. ಲಿಂಗಯ್ಯ ಕೋಲಿನಿಂದ ತಳ ನೋಡಿದ.

ಅಮರೇಶಪ್ಪ ಜೀಪನ್ನು ನೀರಿಗೆ ಇಳಿಸಿದ. ಗಾಲಿ ಗುಂಡುಕಲ್ಲಿನ ಮೇಲೆ ಜಾರಿತು, ಮತ್ತೆ ಹಿಡಿಯಿತು. ಅರ್ಧ ದಾಟಿತು.

ಎಂಜಿನ್ ತಡವರಿಸಿತು. ಒಮ್ಮೆ. ಎರಡು ಸಲ. ನಿಂತೇಹೋಯಿತು.

"ಪೈಪ್ ಮಾವ! ಅವ ಹಾಕಿದ ಪೈಪ್ ಗಾಳಿ ಎಳಿಯಾಕತ್ತೈತಿ!"

ಅಮರೇಶಪ್ಪ ನೀರಿಗೆ ಹಾರಿದ. ಬಾನೆಟ್ಟಿನ ಕೋಲು ಮುರಿದಿತ್ತು. ಗುರುಬಾಯಿ ಸೊಂಟದ ತನಕ ನೆನೆದು ಬಂದು ಎರಡೂ ಕೈಯಿಂದ ಬಾನೆಟ್ ಎತ್ತಿ ಹಿಡಿದಳು. ನೀರು ಒದೆಯುತ್ತಿತ್ತು. ಅಮರೇಶಪ್ಪ ಮಗನ ಕ್ಲಿಪ್ಪಿನ ಸುತ್ತ ಬೆರಳು ಆಡಿಸಿದ. ಒಣಗಿತ್ತು. ಒಂದು ಹನಿಯೂ ಇಲ್ಲ.

"ಇಲ್ಲಿ ಹಸಿ ಐತಿ ನೋಡ್ರಿ," ಎಂದಳು ಗುರುಬಾಯಿ, ಗದ್ದದಿಂದ ಫಿಲ್ಟರಿನ ತಲೆ ತೋರಿಸುತ್ತ. ಸ್ಕ್ರೂ ಸುತ್ತ ಡೀಸೆಲ್ ಹೊಳೆಯುತ್ತಿತ್ತು. "ಇದು ನೀವು ಹಚ್ಚಿದ್ದು."

ಹೌದು, ಅವನೇ ಹಚ್ಚಿದ್ದು. ಬೆರಳಿನಿಂದ ತಿರುಗಿಸಿ, ಪಾನಾದಿಂದ ಬಿಗಿಯುವುದನ್ನೇ ಮರೆತಿದ್ದ. ಅಂಗಡಿಗೆ ಮೊದಲ ದಿನ ಬಂದವನು ಮಾಡುವ ತಪ್ಪು.

"ಹತ್ತರ ಪಾನಾ," ಎಂದ. ಕಲ್ಲೇಶ ಕೈಗಿಟ್ಟ. ಕೈಪಂಪು ಒತ್ತಿದ, ಗುಳ್ಳೆ ಬಂತು, ಬಂತು, ನಿಂತಿತು. ಬಿಗಿದ. ಏರುತ್ತಿದ್ದ ನೀರು ಫ್ಯಾನಿನ ರೆಕ್ಕೆ ಮುಟ್ಟಲು ಬೆರಳುದ್ದ ಮಾತ್ರ ಉಳಿದಿತ್ತು.

"ಹೊಡೀ ಕಲ್ಲೇಶ!"

ಕಲ್ಲೇಶ ಜೀಪು ಹತ್ತಿ ಚಾವಿ ತಿರುಗಿಸಿದ. ಸ್ಟಾರ್ಟರು ಅರಚಿತು. ಹಿಡಿಯಲಿಲ್ಲ. ಮತ್ತೆ ಅರಚಿತು. ಹಿಡಿಯಿತು! ಮೂವರೂ ಹಿಂದಿನಿಂದ ಹೆಗಲು ಕೊಟ್ಟರು. ಜೀಪು ಗುಡುಗುತ್ತ ದಡ ಹತ್ತಿತು. ಅವರು ಕೆಸರಿನಲ್ಲಿ ಬಿದ್ದು, ಎದ್ದು, ಅದರ ಹಿಂದೆ ಓಡಿದರು. ನಡೆಯುವಷ್ಟು ಹೊತ್ತು ಉಳಿದಿರಲಿಲ್ಲ; ಗುರುಬಾಯಿಯೂ ಲಿಂಗಯ್ಯನ ಜೊತೆ ಜೀಪಿನ ಹಿಂಬದಿಗೆ ಹತ್ತಿ, ಗಂಡನಿಗೆ ಬೆನ್ನು ತಿರುಗಿಸಿ ಕುಳಿತಳು.

ಹಾಡಿಯಲ್ಲಿ ಲಿಂಗಯ್ಯ ಇಳಿದುಕೊಂಡ. ಅಮರೇಶಪ್ಪ ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಕಲ್ಲೇಶ ತನ್ನ ವ್ಯಾನಿಗೆ ಹೋದ. ಗುರುಬಾಯಿಯೂ ವ್ಯಾನಿನಲ್ಲೇ ಕುಳಿತಳು. ಜೀಪಿನಲ್ಲಿ ಅಮರೇಶಪ್ಪ ಒಬ್ಬನೇ.

ಕಾಡಿನ ಗೇಟಿಗೆ ಬಂದಾಗ ಆರಕ್ಕೆ ಹತ್ತು ನಿಮಿಷ. ಬೆಳಿಗ್ಗೆ ಇದ್ದ ಕಾವಲುಗಾರ ಬದಲಾಗಿದ್ದ; ಹೊಸಬ, ಆಶಿಷ್ ಎಂಬ ಹೆಸರಿನ ಪಟ್ಟಿ ಅಂಗಿಯ ಮೇಲಿತ್ತು. ಕೆಸರು ಮೆತ್ತಿದ ಜೀಪನ್ನು ಸುತ್ತಿ ನೋಡಿ ಅವನು ರಿಜಿಸ್ಟರ್ ತೆರೆದ. ಕೆಟ್ಟುನಿಂತ ಗಾಡಿಯನ್ನು ಹೊರಗೆ ಬಿಡುವಾಗ ಏನು ಕೆಟ್ಟಿತ್ತು, ಯಾರು ಸರಿ ಮಾಡಿದರು ಎಂದು ಬರೆಯಬೇಕಂತೆ. ತೆಲುಗಿನಲ್ಲಿ ಕೇಳಿದ.

"ಡೀಸೆಲ್ ಪೈಪು ಸೀಳಿತ್ತು," ಎಂದ ಅಮರೇಶಪ್ಪ. "ತುದಿ ಕತ್ತರಿಸಿ ಮತ್ತ ಹಾಕ್ಯಾರ."

"ಮೆಕಾನಿಕ್ ಹೆಸರು?"

"ವೈಭವ." ಅಮರೇಶಪ್ಪ ರಿಜಿಸ್ಟರಿನ ಮೇಲೆ ಬಾಗಿದ. "ಭಾಳ ಛಲೋ ಕೆಲಸಗಾರ. ಬರೀರಿ."

ಆಶಿಷ್ ಬರೆದ. ಪೆನ್ನು ಮುಂದೆ ಚಾಚಿ, ಅವರನ್ನು ಕರೆಯಿರಿ, ಇಲ್ಲಿ ಸಹಿ ಹಾಕಬೇಕು ಎಂದ.

 ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಒದ್ದೆ ಸೀರೆಯಲ್ಲೇ ಗುರುಬಾಯಿ ಇಳಿದು ಬಂದಳು. "ಅವ ಇಲ್ಲ," ಎಂದು ತನಗೆ ಬರುವ ತೆಲುಗಿನಲ್ಲಿ ಹೇಳಿದಳು. "ನಾನು ಅವನ ತಾಯಿ. ನಾನು ಹಾಕುತ್ತೇನೆ."

ಕಾವಲುಗಾರ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದ. ಅವಳು ಮಗನ ಹೆಸರಿನ ಮುಂದೆ ದೊಡ್ಡ ಅಕ್ಷರಗಳಲ್ಲಿ ನಿಧಾನವಾಗಿ ಸಹಿ ಮಾಡಿದಳು. ಪೆನ್ನು ವಾಪಸು ಕೊಟ್ಟು, ಸುತ್ತಿ ಬಂದು, ಜೀಪಿನ ಮುಂದಿನ ಸೀಟಿನಲ್ಲಿ ಹತ್ತಿ ಕುಳಿತಳು.

"ನಿಮ್ಮ ಮ್ಯಾಲಿನ ಸಿಟ್ಟು ನನಗ ಇಳಿದಿಲ್ಲ. ಇಳೀತೈತಿ ಅಂತ ಅನ್ಸೋದೂ ಇಲ್ಲ," ಎಂದಳು. "ಸಾವಕಾಶ ಹೊಡೀರಿ. ಅವನ ಗಾಡಿ ಐತಿ."

ಅಮರೇಶಪ್ಪ ಕಣ್ಣು ಒರೆಸಿಕೊಂಡು ಗೇರು ಹಾಕಿದ. ಆರು ಗಂಟೆಗೆ ನಾಲ್ಕು ನಿಮಿಷ ಇರುವಾಗ ಜೀಪು ತನ್ನದೇ ಎಂಜಿನ್ನಿನ ಮೇಲೆ ಗೇಟು ದಾಟಿ ಹೈದರಾಬಾದಿನ ರಸ್ತೆ ಹಿಡಿಯಿತು.